ಬಬಲೇಶ್ವರದಿಂದ ಬಂದ ರೇಡಿಯೋಗ್ರಾಮ್

ಕೆಟ್ಟ ರೇಡಿಯೋ ಹೊತ್ತು ತಂದವರಿಗೆ ನಮ್ಮ ಅಂಗಡಿಯಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಕಡೀಕ ಇದನ್ನ ಹಚ್ಚಿದವ್ರು ಯಾರು?" ಅಂದರೆ, ಕೊನೆಯ ಸಲ ಚಾಲೂ ಮಾಡಿದವರು ಯಾರು. ರೋಗಿಯನ್ನು ಮುಟ್ಟುವ ಮೊದಲು ಅವನಿಗೆ ಊಟಕ್ಕೆ ಹಾಕಿದವರನ್ನು ವಿಚಾರಿಸಬೇಕು ಎನ್ನುವುದು ನನ್ನ ಉಸ್ತಾದರ ಶಾಸ್ತ್ರ. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಆ ಅಂಗಡಿ ಅವರದೇ. ನಾನು ಅಲ್ಲಿ ಅವರ ಕೈಕೆಳಗೆ ಕೆಲಸ ಕಲಿತೆ. ಅವರ ಎರಡೂ ಕಣ್ಣಿಗೆ ಪೊರೆ ಬಂದ ಮೇಲೆ ಅವರು ಬಾಗಿಲ ಬಳಿಯ ಕುರ್ಚಿಗೆ ಸರಿದರು, ನಾನು ಅವರ ಸ್ಟೂಲಿನ ಮೇಲೆ ಕೂತೆ. ಕಣ್ಣು ಹೋದರೂ ಅವರ ಕಿವಿ, ಮೂಗು ಎರಡೂ ಹೊಸದರಂತಿದ್ದವು. ಪಕ್ಕದ ಹೋಟೆಲಿನವನು ಚಹಾಕ್ಕೆ ನಿನ್ನೆಯ ಹಾಲು ಹಾಕಿದರೆ ಕಪ್ಪು ಕೈಗೆ ಬರುವ ಮೊದಲೇ ಬೈಯುತ್ತಿದ್ದರು.

ಆಗ ಎಪ್ಪತ್ತರ ದಶಕದ ನಡುಭಾಗ. ಕುರಿ ಕಾಯುವವನ ಹೆಗಲಿನಲ್ಲೂ ಒಂದು ಟ್ರಾನ್ಸಿಸ್ಟರ್ ತೂಗುತ್ತಿದ್ದ ಕಾಲ. ಅವುಗಳನ್ನು ರಿಪೇರಿ ಮಾಡಿಯೇ ನನ್ನ ಹೊಟ್ಟೆ ತುಂಬುತ್ತಿದ್ದರೂ ಅವುಗಳ ಮೇಲೆ ನನಗೆ ಎಳ್ಳಷ್ಟೂ ಗೌರವವಿರಲಿಲ್ಲ. ಅವಲಕ್ಕಿ ಡಬ್ಬಿಯಷ್ಟು ಪೆಟ್ಟಿಗೆ, ಡಬ್ಬಿಯೊಳಗಿಂದ ಬಂದಂಥದೇ ದನಿ. ನನ್ನ ಕಣ್ಣು ಇದ್ದದ್ದು ರೇಡಿಯೋಗ್ರಾಮಿನ ಮೇಲೆ. ಅದು ನೆಲದ ಮೇಲೆ ನಿಲ್ಲುವ, ಸೊಂಟದೆತ್ತರದ ಕಪಾಟು. ಅದರೊಳಗೆ ಒಂದು ಮಗ್ಗುಲಿಗೆ ರೇಡಿಯೋ, ಇನ್ನೊಂದು ಮಗ್ಗುಲಿಗೆ ಮುಚ್ಚಳದಡಿ ಹಾಡಿನ ಪ್ಲೇಟು ತಿರುಗಿಸುವ ಗ್ರಾಮಫೋನು, ಕೆಳಗೆ ಎರಡಕ್ಕೂ ಸೇರಿ ಒಂದೇ ದೊಡ್ಡ ಸ್ಪೀಕರು. ಅಂಥದ್ದು ಇಡೀ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು ಇದ್ದಿರಬಹುದು. ನನಗೆ ಒಂದು ಬೇಕಿತ್ತು. ಮಾರುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದವನಿಗೆ ಇಂಥ ಆಸೆ ಯಾಕೆ ಎಂದು ಹೆಂಡತಿ ಕೇಳಿದ್ದಳು. ಆಸೆಗೆ ಜಾಗ ಅಳೆದು ಬರುವ ರೂಢಿ ಇಲ್ಲವೆಂದು ಹೇಳಿ ಬೈಸಿಕೊಂಡಿದ್ದೆ.

ಬಬಲೇಶ್ವರದ ಒಬ್ಬ ಗಿರಾಕಿ ಸುದ್ದಿ ತಂದ. ಅಲ್ಲಿ ಗಾಣ ಇಟ್ಟಿದ್ದ ಒಬ್ಬ ಸಾವಕಾರರ ಮನೆಯಲ್ಲಿ ಹಳೆಯ ರೇಡಿಯೋಗ್ರಾಮ್ ಇದೆ, ಹನ್ನೆರಡು ವರ್ಷದಿಂದ ಮೂಕಾಗಿದೆ, ಈಗ ಮನೆಯ ಗೋಡೆಗಳಿಗೆ ಹೊಸ ಗಿಲಾವು ಮಾಡಿಸುತ್ತಿರುವುದರಿಂದ ಯಾರಾದರೂ ಒಯ್ದರೆ ಸಾಕು ಎನ್ನುತ್ತಿದ್ದಾರೆ. ಉಸ್ತಾದರಿಗೆ ಹೇಳಿದೆ. ಅವರು ತಲೆಯಾಡಿಸಿದರು.

"ಆ ಪೆಟ್ಟಿಗಿ ನಾ ನೋಡೇನಿ ತಮ್ಮಾ. ಗ್ರಾಮಫೋನಿನ ಮೋಟಾರ್ ಸುಟ್ಟು ಹೋಗೈತಿ. ಮತ್ತ ಹಚ್ಚಬ್ಯಾಡ್ರಿ, ಬೆಂಕಿ ಹತ್ತೀತು ಅಂತ ನಾನ ಹೇಳಿ ಬಂದಿದ್ದೆ. ಅಂಥಾ ಮೋಟಾರ್ ಈಗ ಎಲ್ಲಿ ಸಿಗತೈತಿ?"

ಸುಟ್ಟ ಮೋಟಾರಾದರೂ ಸರಿ, ಪೆಟ್ಟಿಗೆ ನನ್ನದಾಗಲಿ ಎಂದುಕೊಂಡು ಮರುದಿನವೇ ಬಸ್ಸು ಹತ್ತಿದೆ.

ಸಾವಕಾರರು ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹೆಂಡತಿ ತೀರಿಕೊಂಡಿದ್ದರು. ಅವರ ಕುಸುಬಿ ಎಣ್ಣೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಪೆಟ್ಟಿಗೆ ನಿಂತಿತ್ತು. ಮೇಲೊಂದು ಕಸೂತಿ ಬಟ್ಟೆ, ಮುಂದಿನ ಜಾಲರಿಯ ಮೇಲೆ ವಿಭೂತಿಯ ಮೂರು ಪಟ್ಟಿ, ಅದರ ಕೆಳಗೆ ಕುಂಕುಮ. ಮಹಾನವಮಿಗೆ ಖಂಡೇಪೂಜೆ ಮಾಡುವಾಗ ಕುಡ, ಕುಡಗೋಲು, ಗಾಣದ ಜೊತೆಗೆ ಇದಕ್ಕೂ ಪೂಜೆ ಎಂದು ಸಾವಕಾರರು ಹೇಳಿದರು. "ಕೆಟ್ಟಿರಲಿ, ಬಿಟ್ಟಿರಲಿ, ಮನ್ಯಾನ ಯಂತ್ರಕ್ಕ ಪೂಜಿ ತಪ್ಪಸಬಾರದು ನೋಡ್ರಿ." ನಾನು ಹೂಂಗುಟ್ಟುತ್ತ ಮುಚ್ಚಳ ಎತ್ತಿದೆ. ಮರದ ಮೇಲ್ಮೈ ಕನ್ನಡಿಯಂತಿತ್ತು. ಒಂದೇ ಒಂದು ಬಿರುಕಿಲ್ಲ, ಗೆದ್ದಲಿನ ಗೆರೆ ಇಲ್ಲ. ಖುಷಿಯನ್ನು ಮುಖದ ಮೇಲೆ ತೋರಿಸಬಾರದು ಎನ್ನುವುದು ಹಳೆ ಸಾಮಾನು ಕೊಳ್ಳುವವರ ಮೊದಲ ಪಾಠ. ಅದಕ್ಕೇ ಮುಖ ಗಂಟಿಕ್ಕಿ ನಿಂತೆ.

ಅದು ಕೆಟ್ಟ ಕತೆಯನ್ನೂ ಅವರೇ ಹೇಳಿದರು. ಊರಿಗೆ ಕರೆಂಟು ಬಂದ ವರ್ಷ ಸೊಲ್ಲಾಪುರದಿಂದ ತರಿಸಿದ್ದು. ಮೂರು ನಾಲ್ಕು ವರ್ಷ ಚೆನ್ನಾಗಿ ಹಾಡಿತು. ಕೊನೆಕೊನೆಗೆ ಪ್ಲೇಟಿನ ದನಿ ಆಗೊಮ್ಮೆ ಈಗೊಮ್ಮೆ ದಪ್ಪಗಾಗಿ ಜಗ್ಗುತ್ತಿತ್ತು, ಕರೆಂಟು ಸಣ್ಣಗಿರಬೇಕು ಎಂದುಕೊಂಡರು. ಆಗ ಹಿರಿಮಗನ ಮದುವೆಯಾಗಿ ಟಿಕೋಟಾದಿಂದ ಸೊಸೆ ಬಂದಿದ್ದಳು. ಬಂದು ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆಯೇ ಪ್ಲೇಟು ಹಾಕು ಎಂದಳಂತೆ, ಸೊಸೆ ಹಾಕಿದಳಂತೆ. ನಾಲ್ಕು ಸುತ್ತು ತಿರುಗಿ ನಿಂತಿತು, ಒಳಗಿಂದ ಸುಟ್ಟ ವಾಸನೆ ಬಂತು. ವಿಜಾಪುರದಿಂದ ಮೇಸ್ತ್ರಿಯನ್ನು ಕರೆಸಿದರು. ಅವರು ಬಂದು, ಕಡೀಕ ಹಚ್ಚಿದವರು ಯಾರು ಎಂದು ಕೇಳಿ, ಮೂಸಿ ನೋಡಿ, ಮೋಟಾರು ಸುಟ್ಟಿದೆ ಎಂದು ಹೇಳಿ ಹೋದರು.

"ಆಕೀ ಕೈಗುಣಾ ಹಂಗ ಐತ್ರಿ," ಎಂದರು ಸಾವಕಾರರು, ಸಿಟ್ಟಿನಿಂದಲ್ಲ, ಹವಾಮಾನ ಹೇಳಿದ ಹಾಗೆ. "ಅವತ್ತಿಂದ ನಾವು ಹಾಲಿಗೆ ಹೆಪ್ಪು ಸುದ್ದಾ ಆಕೀ ಕಡೆಯಿಂದ ಹಾಕಸೂದಿಲ್ಲ. ಬಿತ್ತಾಕ ಹೊಂಟ್ರ ಬೀಜದ ಬುಟ್ಟಿ ಆಕೀ ಮುಟ್ಟೂದಿಲ್ಲ. ಹುಡುಗಿ ಒಳ್ಳೇಕಿ, ಖರೇ. ಕೈಗುಣಾ ಅಷ್ಟ ಇಲ್ಲ."

ನಾನು ನಕ್ಕೆ. ನಗಬೇಕಾಗಿರಲಿಲ್ಲ, ಆದರೆ ನಕ್ಕೆ. ಪೆಟ್ಟಿಗೆ ಕೈಗೆ ಬರುವ ಹೊತ್ತಿಗೆ ಅವರ ಮಾತಿಗೆ ನಗುವುದೂ ವ್ಯಾಪಾರವೇ ಅನ್ನಿಸಿತ್ತು. "ಅಲ್ರಿ ಸಾವಕಾರ್ರ, ಆ ಕೈಯಿಂದ ನನಗ ಲಾಭ ಆತಲ್ಲ," ಎಂದು ಮೇಲೊಂದು ಚೇಷ್ಟೆಯನ್ನೂ ಸೇರಿಸಿದೆ. ಒಳಬಾಗಿಲ ಹತ್ತಿರ ಸೊಸೆ ನಿಂತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಎರಡು ಹಳೆಯ ಕೌದಿ. ಪೆಟ್ಟಿಗೆಗೆ ಪೆಟ್ಟಾಗದ ಹಾಗೆ ಸುತ್ತಲು ತಂದಿದ್ದಳು. ನಾಲ್ಕು ಹೆಜ್ಜೆ ಮುಂದೆ ಬಂದವಳಿಗೆ ಸಾವಕಾರರು, "ಅಲ್ಲೇ ಇಡವ್ವಾ, ಅವರು ತಗೋತಾರ," ಎಂದರು. ಅವಳು ಕೌದಿಗಳನ್ನು ನೆಲದ ಮೇಲಿಟ್ಟು ಒಳಗೆ ಹೋದಳು. ಅವಳಿಗೆ ಮೂವತ್ತು ದಾಟಿರಲಿಕ್ಕಿಲ್ಲ.

ಹಳೆಯ ಕಟ್ಟಿಗೆಯ ಬೆಲೆಗೆ ಮಾತು ಮುಗಿಯಿತು. ಟೆಂಪೋದಲ್ಲಿ ಮೊಳದೆತ್ತರ ಜೋಳದ ಕಣಕಿ ಹಾಸಿ, ಪೆಟ್ಟಿಗೆ ನಿಲ್ಲಿಸಿ, ಅದನ್ನು ಅಪ್ಪಿಕೊಂಡೇ ವಿಜಾಪುರ ಮುಟ್ಟಿದೆ. ರಸ್ತೆಯ ತಗ್ಗಿಗೊಮ್ಮೆ ಡ್ರೈವರನ ವಂಶವನ್ನು ನೆನೆದೆ.

ಹಳೆಯ ಯಂತ್ರ ಕೈಗೆ ಸಿಕ್ಕ ಕೂಡಲೇ ಪ್ಲಗ್ಗಿಗೆ ಚುಚ್ಚುವವನು ಮೇಸ್ತ್ರಿಯಲ್ಲ, ಕಟುಕ. ನಮ್ಮ ಅಂಗಡಿಯ ಪದ್ಧತಿ ಬೇರೆ. ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಬೆರಳು, ಆಮೇಲೆ ಮೀಟರು, ಎಲ್ಲಕ್ಕಿಂತ ಕೊನೆಗೆ ಕರೆಂಟು. ಹಿಂದಿನ ಹಲಗೆಯ ಮೊಳೆ ಬಿಚ್ಚಿದಾಗ ಮೊದಲು ಸಿಕ್ಕಿದ್ದು ಇಲಿಯ ಸಂಸಾರ. ಹತ್ತಿ, ಜೋಳದ ಹೊಟ್ಟು, ಲಗ್ನಪತ್ರಿಕೆಯ ಚೂರು, ಒಂದು ಒಣ ಮೆಣಸಿನಕಾಯಿ. ಎಲ್ಲವನ್ನೂ ಕುಂಚದಿಂದ ಗುಡಿಸಿದೆ. ವೈರಿನ ಮೇಲಿನ ರಬ್ಬರು ಮುಟ್ಟಿದರೆ ಒಣರೊಟ್ಟಿಯಂತೆ ಪುಡಿಯಾಗುತ್ತಿತ್ತು, ಅದನ್ನೆಲ್ಲ ಬದಲಿಸಬೇಕು ಎಂದು ಬರೆದುಕೊಂಡೆ. ಬಲ್ಬಿನಂಥ ಗಾಜಿನ ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಧೂಳು ಊದಿದೆ. ಬಟ್ಟೆ ಹಾಕಿ ಒರೆಸಬಾರದು, ಮೇಲಿನ ನಂಬರು ಅಳಿಸಿಹೋದರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಒಂದು ಒಡೆದಿತ್ತು, ಉಳಿದವು ನೋಡಲು ಸರಿಯಾಗಿದ್ದವು. ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಮೂಗು ಹಚ್ಚಿದೆ. ಒಮ್ಮೆ ಸುಟ್ಟಿದ್ದರೆ ಆ ನಾತ ವರ್ಷಗಟ್ಟಲೆ ಹೋಗುವುದಿಲ್ಲ. ಇದಕ್ಕೆ ಬರೀ ಧೂಳಿನ ವಾಸನೆ. ಸ್ಪೀಕರಿನ ಕಾಗದದಲ್ಲಿ ಅಂಗೈಯಗಲ ನುಸಿ ತಿಂದಿತ್ತು.

ಮೂರನೆಯ ದಿನ ಗ್ರಾಮಫೋನಿಗೆ ಕೈ ಹಾಕಿದೆ. ಮಖಮಲ್ಲಿನ ತಟ್ಟೆಯನ್ನು ಮೇಲೆತ್ತಿದರೆ ಅಡಿಯಲ್ಲಿ ಮೋಟಾರು. ಅದರ ನಡುವಿನ ದಂಡ ಬೆರಳಿನಿಂದ ತಿರುಗಿಸಿದರೆ ತಿರುಗಲಿಲ್ಲ, ಇಕ್ಕಳ ಹಾಕಿದರೂ ಜಗ್ಗಲಿಲ್ಲ. ಬುಡದ ಸುತ್ತ ಜೇನಿನ ಬಣ್ಣದ ಏನೋ ಕಟ್ಟಿಕೊಂಡಿತ್ತು. ಮೇಲೆ ಅಂಟಂಟು, ಕೆಳಗೆ ಉಗುರು ಊರಿದರೂ ಗುರುತು ಮೂಡದಷ್ಟು ಗಟ್ಟಿ. ಮೀಟರಿನ ಎರಡು ವೈರುಗಳ ಮೊನೆಯನ್ನು ಮೋಟಾರಿನ ತಂತಿಗಳಿಗೆ ಹಿಡಿದೆ. ಸುಟ್ಟ ಮೋಟಾರಾದರೆ ಮೀಟರಿನ ಕಡ್ಡಿ ಅಲುಗಬಾರದು, ಇಲ್ಲವೇ ಹುಚ್ಚು ಲೆಕ್ಕ ತೋರಿಸಬೇಕು. ಕಡ್ಡಿ ಎದ್ದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮೂರು ಸಲ ನೋಡಿದೆ. ತಂತಿಗಳ ಮೇಲಿನ ಸುತ್ತುಬಟ್ಟೆ ಕೂಡ ಕಪ್ಪಾಗದೆ ಹೊಸದರಂತಿತ್ತು.

ಮೋಟಾರು ಸುಟ್ಟೇ ಇರಲಿಲ್ಲ.

ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಕೂತು ಯೋಚಿಸಿದೆ. ಇದು ಹೊರಗೆ ಬಂದರೆ ಮೊದಲು ಹೋಗುವುದು ಉಸ್ತಾದರ ಮಾನ. ಎರಡನೆಯದು ಪೆಟ್ಟಿಗೆ. ಸುಡದೇ ಇದ್ದದ್ದನ್ನು ಸುಟ್ಟಿದೆ ಎಂದು ಕಟ್ಟಿಗೆ ಬೆಲೆಗೆ ಹೊಡೆದುಕೊಂಡರು ಎಂದು ಸಾವಕಾರರು ವಾಪಸು ಕೇಳಿದರೆ ನಾನು ಯಾವ ಬಾಯಿಂದ ಇಲ್ಲ ಎನ್ನಲಿ? ಆ ಹೆಣ್ಣುಮಗಳ ನೆನಪು ಬಂದದ್ದು ಮೂರನೆಯದಾಗಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದ ಕ್ರಮವೇ ಅದು. ಹನ್ನೆರಡು ವರ್ಷ ಕಳೆದಿದೆ, ಅವಳಿಗೂ ರೂಢಿಯಾಗಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪರರ ಕಷ್ಟ ರೂಢಿಯಾಗಲು ನಮಗೆ ಬಹಳ ದಿನ ಬೇಕಾಗುವುದಿಲ್ಲ.

"ಮೋಟಾರ್ ಬಿಚ್ಚಿದ್ಯಾ?" ಎಂದು ಉಸ್ತಾದರು ಕುರ್ಚಿಯಿಂದಲೇ ಕೇಳಿದರು.

"ಹೂಂ ಉಸ್ತಾದ್."

"ಸುಟ್ಟೈತಿಲ್ಲೋ?"

"ಸುಟ್ಟೈತ್ರಿ," ಎಂದೆ.

ಒಂದು ವಾರ ಹೀಗೇ ತಳ್ಳಿದೆ. ಆ ಗಟ್ಟಿ ಅಂಟನ್ನು ಬಿಡಿಸಲು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿದೆ, ಏನೂ ಆಗಲಿಲ್ಲ. ಏನಿರಬಹುದು ನೋಡೋಣವೆಂದು ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಅದಕ್ಕೆ ಮುಟ್ಟಿಸಿದೆ. ಚುಂಯ್ ಎಂದು ಸಣ್ಣ ಹೊಗೆ ಎದ್ದಿತು.

"ಯಾರ ಅಂಗಡ್ಯಾಗೋ ಭಜಿ ಕರ್ಯಾಕತ್ತಾರ?" ಎಂದರು ಉಸ್ತಾದರು.

ಹೋಟೆಲಿನ ಒಲೆ ಆ ಹೊತ್ತಿಗೆ ಆರಿತ್ತು. ಅವರು ಮೂಗನ್ನು ಗಾಳಿಗೆ ಎತ್ತಿ ಇನ್ನೊಮ್ಮೆ ಎಳೆದುಕೊಂಡರು, ಆಮೇಲೆ ಎದ್ದು ಮೇಜು ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಇನ್ನೊಂದ್ಸಲ ಹಚ್ಚು," ಎಂದರು. ಹಚ್ಚಿದೆ. ಹೊಗೆಯ ಮೇಲೆ ಬಗ್ಗಿ ನಿಂತರು.

"ಕುಸುಬಿ ಎಣ್ಣಿ," ಎಂದರು ಕೊನೆಗೆ. "ಅವತ್ತೂ ಇದ ವಾಸನಿ ಬಂದಿತ್ತು ತಮ್ಮಾ. ನಾ ಮೋಟಾರ್ ಸುಟ್ಟೈತಿ ಅಂತ ತಿಳದೆ. ಎಣ್ಣಿ ಕಾದಿತ್ತು, ಅಷ್ಟ." ಬೆರಳಿನಿಂದ ಆ ಅಂಟನ್ನು ಸವರಿದರು. "ಹಂಗಾರ ಇದು ಸುಟ್ಟಿಲ್ಲ. ನೀ ಸುಳ್ಳು ಹೇಳಿದಿ."

ನಾನು ಕಾರಣ ಹೇಳಲು ಬಾಯಿ ತೆರೆದೆ. ಅವರು ಕೇಳಿಸಿಕೊಳ್ಳಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವರು ಪೆಟ್ಟಿಗೆ ನೋಡಲು ಹೋದ ದಿನ ಶುಕ್ರವಾರವಂತೆ, ನಮಾಜಿನ ಹೊತ್ತಿಗೆ ವಿಜಾಪುರಕ್ಕೆ ಮರಳಬೇಕಿತ್ತು, ಬಸ್ಸು ಹಾರ್ನು ಹೊಡೆಯುತ್ತಿತ್ತು. ಹಿಂದಿನ ಹಲಗೆಯನ್ನೇ ಬಿಚ್ಚದೆ ಬರೀ ಮೂಸಿ ತೀರ್ಪು ಕೊಟ್ಟು ಓಡಿದ್ದರು. "ಯಾರು ಹಚ್ಚಿದ್ರು ಅಂತ ಬ್ಯಾರೆ ಕೇಳಿದೆ. ಕೇಳಿ, ಆ ಹುಡುಗಿ ಕಡೆ ಎಲ್ಲಾರ ಮುಖಾ ತಿರುಗಿಸಿಬಿಟ್ಟೆ," ಎಂದರು. ಆಮೇಲೆ, "ನಾಳಿ ಬಬಲೇಶ್ವರಕ್ಕ ನಾ ಬರ್ತೇನಿ. ಕೈ ಹಿಡದು ಕರ್ಕೊಂಡು ಹೋಗು," ಎಂದರು. ಪೆಟ್ಟಿಗೆ ವಾಪಸು ಕೇಳಿದರೆ ಎಂದು ನಾನು ತೊದಲಿದೆ. ಅವರು ನನಗೆ ಏನೆಂದರು ಎನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಾವಕಾರರು ನಮ್ಮನ್ನು ಅದೇ ಪಡಸಾಲೆಯಲ್ಲಿ ಕೂರಿಸಿದರು. ಪೆಟ್ಟಿಗೆ ನಿಂತಿದ್ದ ಜಾಗದಲ್ಲಿ ಗೋಡೆಗೆ ಹೊಸ ಸುಣ್ಣ ಬಿದ್ದಿತ್ತು. ಉಸ್ತಾದರು ಪೀಠಿಕೆ ಹಾಕಲಿಲ್ಲ.

"ಸಾವಕಾರ್ರ, ಮೋಟಾರಿಗೆ ಎಣ್ಣಿ ಯಾರು ಹಾಕ್ತಿದ್ರಿ?"

"ನಾನ ರೀ. ಮಾರಿದಾಂವ ವರ್ಷಕ್ಕೊಮ್ಮೆ ಎಣ್ಣಿ ಬಿಡ್ರಿ ಅಂದಿದ್ದ. ಪ್ರತಿ ಖಂಡೇಪೂಜಿಗೆ ನಮ್ಮ ಗಾಣದ್ದ ಹೊಸಾ ಎಣ್ಣಿ ಹಾಕ್ತಿದ್ದೆ. ಕೆಟ್ಟ ಮ್ಯಾಲೂ ಬಿಟ್ಟಿಲ್ಲ."

"ಬಂಡಿ ಅಚ್ಚಿಗೆ ಏನ್ ಹಾಕ್ತೀರಿ?"

"ಔಡಲೆಣ್ಣಿ," ಎಂದರು ಸಾವಕಾರರು. ಗಾಣದಲ್ಲಿ ಹುಟ್ಟಿ ಬೆಳೆದವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಔಡಲದ ಎಣ್ಣೆ, ಅಂದರೆ ಹರಳೆಣ್ಣೆ, ಒಣಗುವುದಿಲ್ಲ; ಕುಸುಬಿ ಎಣ್ಣೆ ತೆಳ್ಳಗೆ ಹರವಿ ಬಿಟ್ಟರೆ ಒಣಗಿ ವಾರ್ನಿಶ್ ಆಗುತ್ತದೆ. ಅದನ್ನು ಬಂಡಿಯ ಅಚ್ಚಿಗೆ ಹಾಕುವ ದಡ್ಡ ಆ ಸೀಮೆಯಲ್ಲೇ ಇಲ್ಲ. ಆದರೆ ಪಡಸಾಲೆಯ ಪೂಜೆಯ ಯಂತ್ರಕ್ಕೆ ಬಂಡಿಯ ಎಣ್ಣೆ ಹಾಕಲು ಅವರಿಗೆ ಮನಸ್ಸಾಗಿರಲಿಲ್ಲ. ತಾವು ಉಣ್ಣುವ ಎಣ್ಣೆಯನ್ನೇ ಕೊಟ್ಟಿದ್ದರು. ಅದು ಒಳಗೆ ಪದರುಪದರಾಗಿ ಒಣಗಿ ದಂಡವನ್ನು ಹಿಡಿದುಬಿಟ್ಟಿತ್ತು. ದನಿ ದಪ್ಪಗಾಗಿ ಜಗ್ಗುತ್ತಿದ್ದದ್ದು ಅದಕ್ಕೇ.

"ಮೋಟಾರ್ ಸುಟ್ಟಿಲ್ರಿ," ಎಂದರು ಉಸ್ತಾದರು, ಒಳಬಾಗಿಲಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ಹಲಗಿ ಬಿಚ್ಚಿ ನೋಡದ ಸುಟ್ಟೈತಿ ಅಂತ ನಾ ಹೇಳಿದೆ. ತಪ್ಪು ನಂದು. ಎಣ್ಣಿ ಹೆಪ್ಪುಗಟ್ಟಿ ನಿಂತೈತಿ. ಅವತ್ತ ಆ ಮಗಳು ಹಚ್ಚಿರದಿದ್ರ ಮರುದಿನ ನೀವು ಹಚ್ಚಿದಾಗ ನಿಂದರತಿತ್ತು."

ಸಾವಕಾರರು ಗೋಡೆ ನೋಡುತ್ತ ಕೂತರು. ಮಾವ ಸೊಸೆಗೆ ಎದುರೆದುರೇ ತಪ್ಪಾಯಿತು ಎಂದು ಹೇಳುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ, ನನಗೆ ಗೊತ್ತಿರುವ ಯಾವ ಮನೆಯಲ್ಲೂ ಇರಲಿಲ್ಲ. ಕೊನೆಗೆ ಒಳಗೆ ಕೂಗಿದರು. "ಯವ್ವಾ, ಸಂಜೀಕ ಹಾಲಿಗೆ ಹೆಪ್ಪು ನೀನ ಹಾಕು." ಪೆಟ್ಟಿಗೆಯ ಮಾತನ್ನು ನಾನೇ ಎತ್ತಿದೆ. ಅವರು ಕೈ ಬೀಸಿದರು. "ಕೊಟ್ಟದ್ದು ಕೊಟ್ಟಂಗ. ಅದರ ಮಾರಿ ನೋಡೂ ಮನಸ್ಸಿಲ್ಲ ನನಗ." ನನಗೆ ಸಮಾಧಾನವಾಯಿತು, ಆ ಸಮಾಧಾನದ ಮೇಲೆಯೇ ಸಿಟ್ಟೂ ಬಂತು.

ನಾವು ಹೊರಡುವಾಗ ಸೊಸೆ ಹಿಂಬಾಗಿಲಿನಿಂದ ಸುತ್ತಿಬಂದು ಓಣಿಯಲ್ಲಿ ನಿಂತಿದ್ದಳು. ಅಳುತ್ತಿರಬಹುದು ಎಂದುಕೊಂಡಿದ್ದೆ, ಅಳುತ್ತಿರಲಿಲ್ಲ.

"ಅಜ್ಜಾರ, ಖರೇನ ನನ್ನ ಕೈಯಿಂದ ಆಗಿಲ್ಲೇನ್ರಿ?"

"ಅಲ್ಲಾನ ಆಣಿ, ಇಲ್ಲ ಮಗಳ."

"ನಾನೂ ನನ್ನ ಕೈ ಅಂತನ ತಿಳಕೊಂಡಿದ್ದೆ ರೀ," ಎಂದಳು. ಆಮೇಲೆ, "ಟಿಕೋಟಾದಾಗ ನಮ್ಮವ್ವ ಅದಾಳ. ತ್ರಾಸ ಆದ್ರೂ ಆಕಿಗೂ ಈ ಮಾತು ಹೇಳಿ ಹೋಗ್ರಿ. ನಾ ಹೇಳಿದ್ರ ನಂಬೂದಿಲ್ಲ," ಎಂದಳು.

ತಾಯಿ ಮಗಳ ಮಾತು ನಂಬುವುದಿಲ್ಲ ಎಂದರೆ ಏನು ಎಂದು ದಾರಿಯುದ್ದಕ್ಕೂ ನನಗೆ ಹೊಳೆಯಲಿಲ್ಲ. ಟಿಕೋಟಾ ಇನ್ನೊಂದು ದಿಕ್ಕು. ವಿಜಾಪುರಕ್ಕೆ ಬಂದು ಬೇರೆ ಬಸ್ಸು ಹಿಡಿಯಬೇಕು. ಉಸ್ತಾದರು ದಣಿದಿದ್ದರು, ನಾಳೆ ಹೋಗೋಣ ಎಂದೆ. ಹನ್ನೆರಡು ವರ್ಷ ತಡವಾಗಿದೆ, ಇನ್ನು ಎಷ್ಟು ಎಂದರು.

ಆ ತಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಸಣಕಲು ಮುದುಕಿ. ಗುರುತಿಲ್ಲದ ಇಬ್ಬರು ಬಬಲೇಶ್ವರದ ಹೆಸರು ಹೇಳಿದ ಕೂಡಲೇ ಮೊರ ಕೈಯಿಂದ ಜಾರಿತು. "ನನ್ನ ಮಗಳು ಆರಾಮ ಅದಾಳಿಲ್ರಿ?" ಎಂದಳು. ಆರಾಮಿದ್ದಾಳೆ ಎಂದು ಹೇಳಿ ಉಸ್ತಾದರು ಮೊದಲಿನಿಂದ ಎಲ್ಲ ಹೇಳಿದರು, ತಪ್ಪು ನಂದು ಎನ್ನುವುದನ್ನು ಇಲ್ಲಿಯೂ ಬಿಡಲಿಲ್ಲ. ಬೀಗರನ್ನು ಬೈಯುತ್ತಾಳೆ ಎಂದು ನಾನು ಕಾದೆ.

"ಅವರು ಅಂದದ್ದು ಬಿಡ್ರಿ, ಅವರು ಹೊರಗಿನ ಮಂದಿ," ಎಂದಳು. "ನನ್ನ ಸಣ್ಣ ಮಗನ ಲಗ್ನದಾಗ ಆಕಿ ತಮ್ಮಗ ಅರಿಷಿಣ ಹಚ್ಚಾಕ ಬಂದ್ಲು. ಒಬ್ಬಾಕೀನ ಅಕ್ಕ. ನಾನ ಆಕೀ ಕೈ ಹಿಡದು ಹಿಂದಕ ಸರಿಸಿದೆ. ನೀ ಬ್ಯಾಡ, ನಿನ್ನ ಕೈಗುಣಾ ಚಲೋ ಇಲ್ಲ ಅಂದೆ. ಮಂದ್ಯಾಗ ಅಂದೆ. ಅವತ್ತ ಹ್ವಾದಾಕಿ ಮತ್ತ ತವರಿಗೆ ಬಂದಿಲ್ಲ."

ನಾನೂ ಆ ಪಡಸಾಲೆಯಲ್ಲಿ ನಕ್ಕು ಬಂದವನೇ.

ಮುದುಕಿ ಎದ್ದು ಸಜ್ಜೆಯನ್ನು ಹಾಗೇ ಬಿಟ್ಟು ಬಾಗಿಲು ಎಳೆದುಕೊಂಡಳು. ಮಗ ಹೊಲದಿಂದ ಬರುವುದನ್ನೂ ಕಾಯಲಿಲ್ಲ, ನೆರೆಮನೆಯವಳಿಗೆ ಒಂದು ಮಾತು ಹೇಳಿ ನಮ್ಮ ಹಿಂದೆ ನಡೆದಳು. ವಿಜಾಪುರದ ಸ್ಟ್ಯಾಂಡಿನಲ್ಲಿ ಬಬಲೇಶ್ವರದ ಬಸ್ಸು ನಿಂತಿತ್ತು. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಎಲ್ಲಿ ಇಳಿಸಬೇಕು ಎಂದು ಕಂಡಕ್ಟರನಿಗೆ ಹೇಳಿದೆ. ಉಸ್ತಾದರು ಬಸ್ಸಿನ ತಗಡಿನ ಮೇಲೆ ಕೈಯಿಟ್ಟು ಕಿಟಕಿಯ ಕೆಳಗೆ ನಿಂತಿದ್ದರು.

"ಆಕೀ ಮುಂದ ಹೋಗಿ ಏನಂತ ಹೇಳ್ಲಿರಿ?" ಎಂದು ಮುದುಕಿ ಕೇಳಿದಳು.

"'ತಪ್ಪು ನಂದು ಮಗಳ' ಅಂತ ಹೇಳ್ರಿ ಅವ್ವಾ. ಮೊದಲ ಗಂಟಲದಾಗ ನಿಂದರತೈತಿ. ಆಮ್ಯಾಲ ಬರತೈತಿ."

ಬಸ್ಸು ಹೊರಟಿತು. ಉಸ್ತಾದರಿಗೆ ಕಾಣಿಸಲಿಲ್ಲ, ನನಗೆ ಕಾಣಿಸಿತು. ಕಿಟಕಿಯಲ್ಲಿ ಮುದುಕಿಯ ತುಟಿ ಅಲುಗುತ್ತಿತ್ತು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ನೋಡುತ್ತಿದ್ದಳು.